ನಾನು ಅಡುಗೆಮನೆಯಲ್ಲಿ ಇರಲಿಲ್ಲ

ಅತ್ತೆಯವರಿಗೆ,

ನಮಸ್ಕಾರ. ನಾವಿಬ್ಬರೂ ಇಲ್ಲಿ ಕ್ಷೇಮ ಎಂದು ಬರೆಯಲು ಹೊರಟು ಪೆನ್ನು ಎತ್ತಿಬಿಟ್ಟೆ. ಇಬ್ಬರಿಗೂ ಜ್ವರವಿಲ್ಲ, ನೆಗಡಿಯಿಲ್ಲ, ಊಟ ಸೇರುತ್ತಿದೆ. ಅಷ್ಟಕ್ಕೆ ಕ್ಷೇಮ ಎನ್ನುವುದಾದರೆ ಕ್ಷೇಮವೇ. ಉಳಿದದ್ದನ್ನು ಹೇಳುವುದಕ್ಕೇ ಈ ಪತ್ರ. ನೀವು ಫೋನಿನಲ್ಲಿ ಪ್ರತಿಸಲ "ಅಲ್ಲಿ ಏನಾಯ್ತು?" ಎಂದು ಕೇಳುತ್ತೀರಿ. ನಾನು ಪ್ರತಿಸಲ "ಏನಿಲ್ಲ ಅತ್ತೆ, ಎಲ್ಲ ಹಾಗೇ ಇದೆ" ಎನ್ನುತ್ತೇನೆ. ನಾನು ಹಾಗೆನ್ನುವಾಗ ನಿಮ್ಮ ಮಗ ಪಕ್ಕದ ಕೋಣೆಯಲ್ಲಿ ಟಿವಿಯ ಸದ್ದು ಅಡಗಿಸಿ ಕೂತಿರುತ್ತಾರೆ. ನೀವು ಅವರಿಗೆ ಫೋನ್ ಕೊಡು ಎನ್ನುವುದಿಲ್ಲ, ಅವರು ಕೊಡು ಎಂದು ಕೈ ಚಾಚುವುದಿಲ್ಲ.

ಸುತ್ತಿ ಬಳಸಿ ಬರೆದರೆ ನನಗೇ ಧೈರ್ಯ ಕುಸಿಯುತ್ತದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಅತ್ತೆ, ನಾನು ನ್ಯಾಯಾಧೀಶರ ಎದುರಿನಲ್ಲಿ ನಿಮ್ಮ ಮಗ ಸುಳ್ಳು ಹೇಳಿದರು ಎಂದು ಹೇಳಿ ಬಂದಿದ್ದೇನೆ. ಇದು ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳಬಾರದು. ಹೇಗಾಯಿತು, ಯಾಕಾಯಿತು ಎಂದು ಒಂದೊಂದಾಗಿ ಬರೆಯುತ್ತೇನೆ. ನಿಮಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಆ ಬೆಳಿಗ್ಗೆ ನೀವು ಕೂತ ಜಾಗದಿಂದ ನಿಮಗೆ ಕಂಡದ್ದೇ ಬೇರೆ, ನಾನು ನಿಂತ ಜಾಗದಿಂದ ನನಗೆ ಕಂಡದ್ದೇ ಬೇರೆ.

ನೀವು ನಮ್ಮಲ್ಲಿಗೆ ಬಂದ ಮೊದಲ ವಾರ ನೆನಪಿದೆಯೇ? ಮೆಟ್ಟಿಲು ಹತ್ತಿ ಹತ್ತಿ ಏದುಸಿರು ಬಿಡುತ್ತ "ಊರಿನ ಲಿಫ್ಟೆಲ್ಲ ಸರಿಯಿದೆಯೋ ಇಲ್ವೋ ಅಂತ ನೋಡೋನು ನನ್ನ ಮಗ. ಅವನಮ್ಮನಿಗೆ ಮಾತ್ರ ಮೆಟ್ಟಿಲೇ ಗತಿ" ಎಂದು ನಕ್ಕಿದ್ದಿರಿ. ನನ್ನನ್ನೂ ಬಿಡಲಿಲ್ಲ. ನಾನು ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವವಳು ಎಂದು ಗೊತ್ತಾದಾಗಿನಿಂದ "ನನ್ನ ಸೊಸೆ ಊರಿಗೆಲ್ಲ ಹಲ್ಲು ಕೊಡ್ತಾಳೆ, ತಾನು ಮಾತ್ರ ಬಾಯಿ ಬಿಡಲ್ಲ" ಎನ್ನುವುದು ನಿಮ್ಮ ನಿತ್ಯದ ತಮಾಷೆಯಾಯಿತು. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಎಷ್ಟು ಮಾತಿತ್ತು! ಅರ್ಧ ಜಗಳ, ಆದರೂ ಮಾತು. ಇಲ್ಲಿ ಚುನಾವಣೆಯ ಗಾಳಿ ಎದ್ದಿತ್ತು. ಕಾಗದಪತ್ರದ ಅವಧಿ ಮುಗಿದ ಹೊರಗಿನವರನ್ನೆಲ್ಲ ವಾಪಸ್ಸು ಕಳಿಸುತ್ತೇವೆ ಎನ್ನುವ ಪಕ್ಷದ ಸಭೆಗಳಿಗೆ ನಿಮ್ಮ ಮಗ ಹೋಗುತ್ತಿದ್ದರು. ಅವರಿಗೆ ಇಲ್ಲಿನ ನಾಗರಿಕತ್ವ ಹೊಸದಾಗಿ ಸಿಕ್ಕಿತ್ತು. ಈ ದೇಶದಲ್ಲಿ ಮೊದಲ ಸಲ ವೋಟು ಹಾಕುವ ಹುರುಪು. ನನ್ನ ಅರ್ಜಿ ಇನ್ನೂ ಯಾವುದೋ ಮೇಜಿನ ಮೇಲಿತ್ತು, ಈಗಲೂ ಅಲ್ಲೇ ಇದೆ.

ಊಟದ ಮೇಜಿನಲ್ಲಿ ಅವರು ಹೇಳಿದ ಮಾತು ನನಗೆ ಹಾಗೆಯೇ ನೆನಪಿದೆ. "ಅಮ್ಮ, ಒಂದು ಲಿಫ್ಟಿಗೆ ಇಷ್ಟು ಭಾರ ಅಂತ ಇರತ್ತೆ. ಬಾಗಿಲಲ್ಲಿ ನಿಂತೋರ ಮುಖ ನೋಡಿ ಅಯ್ಯೋ ಅಂತ ಹತ್ತಿಸ್ಕೊಂಡ್ರೆ ಒಳಗಿರೋರೂ ಉಳಿಯಲ್ಲ. ನಾನು ವರ್ಷಗಟ್ಟಲೆ ಸಾಲಲ್ಲಿ ನಿಂತು ಒಳಗೆ ಬಂದೋನು. ಸಾಲು ತಪ್ಪಿಸೋರನ್ನ ಕಂಡ್ರೆ ನಂಗೆ ಆಗಲ್ಲ." ನೀವು ತಟ್ಟೆಯಿಂದ ತಲೆ ಎತ್ತದೆ "ಹತ್ತೋ ತನಕ ಜಾಗ ಇದೆ ಅಂತೀರ, ಹತ್ತಿದ ಮೇಲೆ ಭಾರ ಅಂತೀರ. ನಿನ್ನನ್ನ ಬಿಟ್ಟೋರು ನಿನ್ನ ಮುಖ ನೋಡಿ ಬಿಟ್ರೋ ತಕ್ಕಡಿ ನೋಡಿ ಬಿಟ್ರೋ?" ಎಂದಿರಿ. ನಾನು ಇಬ್ಬರಿಗೂ ಅನ್ನ ಬಡಿಸಿದೆ. ನಿಜ ಹೇಳಬೇಕೆಂದರೆ ಇಬ್ಬರೂ ಹೇಳಿದ್ದು ಸರಿ ಅನಿಸುತ್ತಿತ್ತು, ಅವರವರು ಮಾತಾಡುತ್ತಿದ್ದಷ್ಟು ಹೊತ್ತು.

ಕೆಳಗಿನ ಮಹಡಿಯ ಹೊಲಿಗೆಯವಳು ನಿಮ್ಮ ಕಣ್ಣಿಗೆ ಬಿದ್ದದ್ದು ಆಗಲೇ. ಅವಳಿಗೆ ನೀವು ‘ಸೂಜಿ’ ಎಂದು ಹೆಸರಿಟ್ಟಿರಿ. ಅವಳ ಭಾಷೆ ನಿಮಗೆ ಬಾರದು, ನಿಮ್ಮದು ಅವಳಿಗೆ ಬಾರದು. ಆದರೂ ನಾನು ಕೆಲಸ ಮುಗಿಸಿ ಬರುವಾಗ ಅವಳ ಬಾಗಿಲಿನೊಳಗಿಂದ ನಿಮ್ಮಿಬ್ಬರ ನಗು ಮೆಟ್ಟಿಲ ತನಕ ಕೇಳುತ್ತಿತ್ತು. ನೀವು ಕನ್ನಡದಲ್ಲಿ ನಿಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಕಥೆ ಹೇಳುತ್ತ ಹಳೆಯ ಪ್ಯಾಂಟುಗಳ ಹೊಲಿಗೆ ಬಿಚ್ಚುತ್ತ ಕೂತಿರುತ್ತಿದ್ದಿರಿ, ಅವಳು ಮಿಷಿನ್ ತುಳಿಯುತ್ತ ಅವಳ ಭಾಷೆಯಲ್ಲಿ ಹ್ಞೂಂಗುಡುತ್ತಿದ್ದಳು. ಅವಳು ಕೆಲಸ ಮಾಡುತ್ತಿದ್ದ ಅಂಗಡಿ ಮುಚ್ಚಿತ್ತು. ಅಂಗಡಿ ಮುಚ್ಚಿದ್ದರಿಂದ ಅವಳ ಪರವಾನಗಿಯೂ ಬಿದ್ದುಹೋಗಿತ್ತು. ಇದು ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ನಿಮ್ಮ ಮಗನಿಗೂ ಗೊತ್ತಿತ್ತು. ಅವರು ಅವಳ ವಿಷಯ ಯಾರಿಗೂ ಹೇಳಿದವರಲ್ಲ, ಅದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಮೆಟ್ಟಿಲಲ್ಲಿ ಅವಳ ದಾರದ ಪೆಟ್ಟಿಗೆ ಭಾರ ಕಂಡರೆ ಇವರೇ ಎತ್ತಿ ಕೊಡುತ್ತಿದ್ದರು. ಒಂದು ಸಲ ನಾನು "ಇವಳನ್ನೂ ಕಳಿಸ್ಬೇಕಾ?" ಎಂದು ಕೇಳಿದ್ದಕ್ಕೆ "ಇವಳು ಅಂತ ಅಲ್ಲ" ಎಂದು ಮಾತು ನಿಲ್ಲಿಸಿದ್ದರು.

ವಲಸೆ ಇಲಾಖೆಯ ಅಧಿಕಾರಿಗಳು ಬಂದ ಬೆಳಿಗ್ಗೆ ನೀವು ಕೆಳಗೆ ಅವಳ ಮನೆಯಲ್ಲಿದ್ದಿರಿ. ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಬಾಗಿಲು ತಟ್ಟಿದ ಸದ್ದಿಗೆ ನಾನು ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಹೊರಗೆ ಬಂದು ಮೇಲಿನ ಕಟಕಟೆ ಹಿಡಿದು ಬಗ್ಗಿ ನೋಡಿದೆ. ಅಷ್ಟರಲ್ಲಿ ಅವರಲ್ಲಿಬ್ಬರು ಒಳಗೆ ಹೋಗಿದ್ದರು, ನೀವು ಸೂಜಿಯ ಮನೆಯ ಪ್ಲಾಸ್ಟಿಕ್ ಸ್ಟೂಲನ್ನು ತಂದು ಬಾಗಿಲಿಗೆ ಅಡ್ಡ ಹಾಕಿ, ಸೆರಗಿನಂತೆ ಶಾಲು ಎಳೆದುಕೊಂಡು ಕೂತುಬಿಟ್ಟಿದ್ದಿರಿ. ಬೆನ್ನು ಮೆಟ್ಟಿಲ ಕಡೆಗೆ, ಮುಖ ಸೂಜಿಯ ಕಡೆಗೆ. "ಎಲ್ಲಿಗೆ ಕರ್ಕೊಂಡು ಹೋಗ್ತೀರಿ, ಮೊದ್ಲು ಅದನ್ನ ಹೇಳಿ. ಅವಳಿನ್ನೂ ತಿಂಡಿ ತಿಂದಿಲ್ಲ" ಎಂದು ಅಚ್ಚ ಕನ್ನಡದಲ್ಲಿ ಗದರಿಸಿದಿರಿ. ಆ ಹೆಂಗಸು ಬಗ್ಗಿ ನಿಮ್ಮ ಹೆಗಲು ಮುಟ್ಟಿ ಏನೋ ಮೆಲ್ಲಗೆ ಹೇಳುತ್ತಿದ್ದಳು. ಎತ್ತರದವನು ಸೂಜಿಯ ಮೊಣಕೈ ಹಿಡಿದು ಹೊರಗೆ ಕರೆತಂದ. ಮೂರನೆಯವನು ಕೆಳಗಿನ ಮೆಟ್ಟಿಲಲ್ಲಿ ಫೋನು ನೋಡುತ್ತ ನಿಂತಿದ್ದ.

ಆಮೇಲೆ ನಡೆದದ್ದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಎತ್ತರದವನು ನಿಮ್ಮ ಸ್ಟೂಲನ್ನು ಸುತ್ತಿ ಬರಲು ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಹಿಮ್ಮಡಿಗೆ ಮೆಟ್ಟಿಲು ಸಿಗಲಿಲ್ಲ. ಅವನು ಜೋಲಿ ಹೊಡೆದದ್ದನ್ನು ಕಂಡು ಸೂಜಿ ಕೈ ಚಾಚಿದಳು, ಅವನ ತೋಳಿನ ಬಟ್ಟೆ ಹಿಡಿದಳು. ಅವಳ ಬೆರಳು ಮಡಚಿದ್ದನ್ನು ನಾನು ಮೇಲಿನಿಂದ ನೋಡಿದೆ. ಬಟ್ಟೆ ಜಾರಿತು, ಅವನು ಉರುಳಿಬಿದ್ದ. ಕೆಳಗಿದ್ದವನು ಸದ್ದಿಗೆ ತಲೆ ಎತ್ತಿದಾಗ ಅವನಿಗೆ ಕಂಡದ್ದು ಎರಡೇ: ಬೀಳುತ್ತಿರುವ ಜೊತೆಗಾರ, ಮೇಲೆ ಚಾಚಿದ ಕೈ. "ತಳ್ಳಿದಳು" ಎಂದು ಕೂಗಿಕೊಂಡ. ಅವನೂ ಸುಳ್ಳು ಹೇಳಿದನೆಂದು ನನಗೆ ಅನಿಸುವುದಿಲ್ಲ, ಅತ್ತೆ. ಅವನು ನಿಂತ ಜಾಗದಲ್ಲಿ ನಾನು ನಿಂತಿದ್ದರೆ ನನಗೂ ಹಾಗೇ ಕಾಣುತ್ತಿತ್ತೇನೋ.

ಗಲಾಟೆಗೆ ನಿಮ್ಮ ಮಗ ಅರ್ಧ ಕ್ಷೌರದ ಮುಖದಲ್ಲಿ ಓಡಿಬಂದು ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ಸೂಜಿಯನ್ನು ಕರೆದೊಯ್ದ ಮೇಲೆ ಹೇಳಿಕೆ ಪಡೆಯಲು ಇನ್ನೊಬ್ಬ ಅಧಿಕಾರಿ ಮನೆಮನೆಗೂ ಬಂದ. ನಮ್ಮ ಬಾಗಿಲಲ್ಲಿ ನಾವು ಮೂವರೂ ನಿಂತಿದ್ದೆವು. ನೀವು ಮುಂದಕ್ಕೆ ಬಂದು "ನಾನು ನೋಡಿದೀನಿ, ಅವಳು ತಳ್ಳಲಿಲ್ಲ, ನನ್ನ ಕೇಳಿ" ಎಂದು ಎದೆ ತಟ್ಟಿಕೊಂಡಿರಿ. ಅವನು ಇವರ ಮುಖ ನೋಡಿದ. ಇವರು ನಿಮ್ಮ ಮಾತನ್ನು ಅವನಿಗೆ ಹೇಗೆ ದಾಟಿಸಿದರು ಎಂದು ನಿಮಗೆ ಇಂದಿಗೂ ಗೊತ್ತಿಲ್ಲ. "ಅಮ್ಮನಿಗೆ ವಯಸ್ಸಾಗಿದೆ, ಹೆದರಿದ್ದಾರೆ" ಎಂದರು. "ನಿಮ್ಮ ಹೆಂಡತಿ?" ಎಂದು ಅವನು ಕೇಳಿದ. "ಅವಳು ಅಡುಗೆಮನೆಯಲ್ಲಿದ್ದಳು, ನಲ್ಲಿ ಹರಿಯುತ್ತಿತ್ತು, ಏನೂ ಕೇಳಿಸಿಲ್ಲ" ಎಂದು ಹೇಳಿ ಅವನು ತೋರಿಸಿದ ಕಡೆ ಸಹಿ ಹಾಕಿದರು. ನಾನು ಒದ್ದೆ ಕೈಯನ್ನು ಉಡುಪಿಗೆ ಒರೆಸಿಕೊಳ್ಳುತ್ತ ಅವರ ಬೆನ್ನ ಹಿಂದೆ ನಿಂತಿದ್ದೆ.

ಒಂದು ಮಾತು ಬರೆಯಲೇ ಬೇಕು, ಕೋಪ ಮಾಡಿಕೊಳ್ಳಬೇಡಿ. ನೀವು ನೋಡಿರಲಿಲ್ಲ. ನಿಮ್ಮ ಬೆನ್ನು ಮೆಟ್ಟಿಲ ಕಡೆಗಿತ್ತು, ಆ ಹೆಂಗಸಿನ ಮುಖ ನಿಮ್ಮ ಮುಖಕ್ಕೆ ಅಡ್ಡವಿತ್ತು. ಸೂಜಿ ತಳ್ಳುವವಳಲ್ಲ ಎಂದು ನಿಮಗೆ ಗೊತ್ತಿತ್ತು, ಆ ಗೊತ್ತನ್ನೇ ನೀವು ಕಂಡೆ ಎಂದಿರಿ. ಒಂದೇ ಹೊಸ್ತಿಲಲ್ಲಿ ನಿಂತು ತಾಯಿ ನೋಡದ್ದನ್ನು ನೋಡಿದೆ ಎಂದರು, ಮಗ ಹೆಂಡತಿ ನೋಡಿದ್ದನ್ನು ನೋಡಿಲ್ಲ ಎಂದರು. ನೀವು ಅವಳನ್ನು ಉಳಿಸಲು, ಅವರು ನನ್ನನ್ನು ಉಳಿಸಲು. ಇಬ್ಬರ ನಡುವೆ ನಿಜವಾಗಿ ನೋಡಿದವಳು ನಾನೊಬ್ಬಳೇ, ಬಾಯಿ ಬಿಡದವಳೂ ನಾನೊಬ್ಬಳೇ.

ನಿಮ್ಮ ಟಿಕೆಟ್ಟಿನ ತಾರೀಕು ಬದಲಿಸಿ ಆ ವಾರವೇ ನಿಮ್ಮನ್ನು ಕಳಿಸಿದೆವು. ಕಳಿಸಿದೆವು ಎಂದೇ ಬರೆಯುತ್ತೇನೆ, ನಾನೂ ನಿಮ್ಮ ಪೆಟ್ಟಿಗೆ ಕಟ್ಟಿದವಳು. ವಿಮಾನ ನಿಲ್ದಾಣದಲ್ಲಿ ಇವರು ಟ್ರಾಲಿ ತರಲು ಹೋದಾಗ ನೀವು ನನ್ನ ಕೈ ಹಿಡಿದು "ನಾನು ನಿನ್ನ ಏನೂ ಕೇಳಲ್ಲ. ಕೇಳಿದ್ರೆ ನೀನು ನನಗೋಸ್ಕರ ಮಾಡ್ತೀಯ. ಅದು ಬೇಡ" ಎಂದಿರಿ. ಆಮೇಲೆ ಮಗನೊಡನೆ ಒಂದು ಮಾತೂ ಆಡದೆ ಒಳಗೆ ಹೋದಿರಿ. ಅವರು ನೀವು ತಿರುಗಿ ನೋಡುತ್ತೀರೇನೋ ಎಂದು ಗಾಜಿಗೆ ಹಣೆ ತಾಗಿಸಿಕೊಂಡು ಬಹಳ ಹೊತ್ತು ನಿಂತಿದ್ದರು.

ಕಟ್ಟಡದ ಬಾಗಿಲ ಬಳಿ ಒಂದು ಕಾಗದ ಅಂಟಿಸಿದ್ದರು: ಆ ಬೆಳಿಗ್ಗೆ ಮೆಟ್ಟಿಲಲ್ಲಿದ್ದವರು ದಯವಿಟ್ಟು ಸಂಪರ್ಕಿಸಿ ಎಂದು, ಸೂಜಿಯ ವಕೀಲೆಯ ನಂಬರು. ಯಾರೋ ಅದನ್ನು ಕಿತ್ತುಹಾಕಿದರು, ಯಾರೋ ಮತ್ತೆ ಅಂಟಿಸಿದರು. ನಾನು ಅದರ ಮುಂದೆ ಹೋಗುವಾಗ ಬ್ಯಾಗಿನಲ್ಲಿ ಬೀಗದಕೈ ಹುಡುಕುವವಳಂತೆ ತಲೆ ತಗ್ಗಿಸುತ್ತಿದ್ದೆ. ತಳ್ಳಿದ್ದು ನಿಜವೆಂದಾದರೆ ಸೂಜಿಗೆ ಜೈಲು, ಆಮೇಲೆ ಗಡೀಪಾರು ಎಂದು ಕಟ್ಟಡದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಲ್ಯಾಬಿನಲ್ಲಿ ಕೆಲಸ ತಪ್ಪತೊಡಗಿತು. ಒಬ್ಬ ಮುದುಕರ ಸೆಟ್ಟಿನಲ್ಲಿ ಎಡದ ದವಡೆ ಹಲ್ಲನ್ನು ಬಲಕ್ಕೆ ಕೂರಿಸಿ, ಮೇಣ ತಿದ್ದಿ, ಮೇಲ್ವಿಚಾರಕರ ಕೈಗೆ ಕೊಟ್ಟಿದ್ದೆ. ಅವರು ಅದನ್ನು ತಿರುಗಿಸಿ ನೋಡಿ "ಇದರಲ್ಲಿ ಅಗಿಯೋದು ಹೇಗಮ್ಮ? ಮನೆಯಲ್ಲಿ ಎಲ್ಲ ಸರಿಯಿದೆಯಾ?" ಎಂದು ಕೇಳಿದರು. ಸರಿಯಿದೆ ಎಂದೆ. ಅಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಪ್ಲಾಸ್ಟರ್ ಮೂಟೆಗಳ ಕೋಣೆಯಲ್ಲಿ ನಿಂತು ವಕೀಲೆಗೆ ಫೋನ್ ಮಾಡಿದೆ. ಧೈರ್ಯ ಬಂದು ಮಾಡಿದ್ದಲ್ಲ. ಸುಮ್ಮನಿರುವುದಕ್ಕೆ ಬೇಕಾದ ಧೈರ್ಯ ಮುಗಿದುಹೋಗಿತ್ತು.

ವಕೀಲೆ ಎಲ್ಲ ಕೇಳಿಸಿಕೊಂಡು ಮೊದಲು ಹೇಳಿದ್ದೇ ನಾನು ಹೆದರಿದ್ದನ್ನು. "ನಿಮ್ಮ ಪತಿಯ ಹೇಳಿಕೆ ಅಧಿಕಾರಿಗಳ ಬಳಿ ಇದೆ. ಅದನ್ನು ನಿಮ್ಮ ಮುಂದೆ ಇಡುತ್ತಾರೆ. ಯೋಚಿಸಿ" ಎಂದಳು. ಯೋಚಿಸಿದೆ. ನನ್ನ ಅರ್ಜಿಯ ಯೋಚನೆ ಬಂತು. ಅದನ್ನು ಯಾರೋ ಒಬ್ಬರು ಒಂದು ಗೀಟಿನಲ್ಲಿ ತಳ್ಳಿಹಾಕಿದರೆ ನಾನೆಲ್ಲಿಗೆ ಹೋಗಲಿ? ಆದರೆ ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಇವರ ಯೋಚನೆ. ಲಿಫ್ಟು ಸುರಕ್ಷಿತ ಎಂದು ಬರೆದು ಸಹಿ ಹಾಕುವುದೇ ಅವರ ಕೆಲಸ. ಆ ಸಹಿಯನ್ನು ನಂಬಿ ಜನ ಹತ್ತುತ್ತಾರೆ. ಅಂಥವರ ಸಹಿ ಸುಳ್ಳು ಎಂದು ಅವರ ಹೆಂಡತಿಯೇ ಹೇಳಿದರೆ?

ಅವರಿಗೆ ಹೇಳದೆ ಹೋಗಲು ಮನಸ್ಸು ಒಪ್ಪಲಿಲ್ಲ. ವಿಚಾರಣೆಗೆ ಮುಂಚಿನ ಭಾನುವಾರ ಅವರು ಟೀ ಕುಡಿಯುತ್ತಿದ್ದಾಗ ಹೇಳಿದೆ. ಅವರು ಲೋಟ ಕೆಳಗಿಟ್ಟು "ನಾನು ಅನ್ಯಾಯ ಮಾಡು ಅಂತಿಲ್ಲ. ಸುಮ್ನಿರು ಅಂತಿದೀನಿ. ಎರಡಕ್ಕೂ ವ್ಯತ್ಯಾಸ ಇದೆ" ಎಂದರು. ಮೊದಮೊದಲು ನನಗೂ ಇದೆ ಅನಿಸಿತ್ತು, ಈಗ ಕಾಣುತ್ತಿಲ್ಲ ಎಂದೆ. "ಹೋಗ್ಲಿ, ನೀನು ಹೇಳಿದ್ರೆ ಅವಳು ಇಲ್ಲೇ ಉಳೀತಾಳಾ? ಹೇಗಿದ್ರೂ ಕಳಿಸ್ತಾರೆ." ಕಳಿಸಬಹುದು, ಆದರೆ ಮಾಡದ ತಪ್ಪಿಗೆ ಜೈಲಿಗೆ ಹೋಗುವುದಿಲ್ಲವಲ್ಲ ಎಂದೆ. ಅವರು ಎದ್ದು ಕಿಟಕಿಯ ಬಳಿ ಹೋದರು. "ಅಂದ್ರೆ ನನ್ನ ಸುಳ್ಳುಗಾರ ಮಾಡ್ತೀಯ" ಎಂದರು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು, ಅತ್ತೆ. ಅವರು ಮಗುವಿನಂತೆ ಕೇಳಿದರು. ನಾನು ಅವರ ಲೋಟ ಎತ್ತಿಕೊಂಡು ಒಳಗೆ ಹೋದೆ. ಮದುವೆಯಾದಾಗಿನಿಂದ ನಾವು ಒಬ್ಬರಿಗೊಬ್ಬರು ಬೆನ್ನು ಹಾಕಿ ಊಟ ಮಾಡಿದ್ದು ಅದೇ ಮೊದಲು.

ವಿಚಾರಣೆಯ ಕೋಣೆ ನಾನು ಹೆದರಿಕೊಂಡಷ್ಟು ದೊಡ್ಡದಿರಲಿಲ್ಲ. ಟ್ಯೂಷನ್ ಕೋಣೆಯಂತಿತ್ತು. ಒಂದು ಕಿಟಕಿ, ಬಣ್ಣ ಮಾಸಿದ ನೆಲಗಂಬಳಿ, ಯಾರೂ ಮುಟ್ಟದ ನೀರಿನ ಜಗ್ಗು. ಸೂಜಿ ಅವಳದಲ್ಲದ ದೊಡ್ಡ ಅಂಗಿಯಲ್ಲಿ ಕೂತಿದ್ದಳು. ಅಂಗಿಯ ತೋಳನ್ನು ಮಡಚಿ ಮಡಚಿ ಮೇಲೇರಿಸಿದ್ದಳು. ಹೊಲಿಗೆಯವಳಿಗೆ ಒಂದು ಸೂಜಿ ದಾರವನ್ನೂ ಕೊಟ್ಟಿರಲಿಲ್ಲ. ನಾನು ಕಂಡದ್ದನ್ನು ಕಂಡಂತೆ ಹೇಳಿದೆ. ನಿಮ್ಮ ಸ್ಟೂಲಿನ ಮಾತನ್ನೂ ಹೇಳಿದೆ. ಅದನ್ನು ಬಿಟ್ಟುಬಿಡಲು ಮನಸ್ಸು ಬಹಳ ಎಳೆಯಿತು. ಆದರೆ ಒಂದನ್ನು ಬಿಟ್ಟರೆ ಉಳಿದದ್ದೂ ಕೈಯಿಂದ ಜಾರುತ್ತದೆ ಅನಿಸಿತು.

ಆ ಕಡೆಯ ವಕೀಲರು ಬಹಳ ಮರ್ಯಾದೆಯ ಮನುಷ್ಯ. ನೀರು ಬೇಕೇ ಎಂದು ಕೇಳಿ, ಆಮೇಲೆ ಇವರ ಹೇಳಿಕೆಯನ್ನು ಓದಿದರು. "ಅಡುಗೆಮನೆಯಲ್ಲಿದ್ದಳು ಎಂದು ನಿಮ್ಮ ಪತಿ ಹೇಳುತ್ತಾರೆ. ಮೆಟ್ಟಿಲ ಬಳಿ ಇದ್ದೆ ಎಂದು ನೀವು ಹೇಳುತ್ತೀರಿ. ಎರಡೂ ನಿಜವಾಗಲು ಸಾಧ್ಯವಿಲ್ಲವಲ್ಲ?" ನಾನು ಅಡುಗೆಮನೆಯಲ್ಲಿ ಇರಲಿಲ್ಲ ಎಂದೆ. "ಹಾಗಾದರೆ ನಿಮ್ಮ ಪತಿ ಸುಳ್ಳು ಹೇಳಿದರೇ?" ನನಗೆ ಅಪಾಯ ಬರಬಾರದೆಂದು ಹೆದರಿ ಹಾಗೆ ಹೇಳಿದರು ಎಂದೆ. ನ್ಯಾಯಾಧೀಶೆ ಕನ್ನಡಕದ ಮೇಲಿಂದ ನೋಡಿ "ಹೌದು ಅಥವಾ ಇಲ್ಲ ಎಂದು ಹೇಳಿ" ಎಂದರು. ಹೌದು ಎನ್ನಲು ಈ ಭಾಷೆಯಲ್ಲಿ ಬಹಳ ಚಿಕ್ಕ ಪದ. ಹೇಳಿಬಿಟ್ಟೆ. ನ್ಯಾಯಾಧೀಶೆ ತಲೆ ತಗ್ಗಿಸಿ ಏನೋ ಬರೆದುಕೊಂಡರು. ಆ ಪೆನ್ನು ಓಡಿದಷ್ಟು ಹೊತ್ತು ನಿಮ್ಮ ಮುಖ ನನ್ನ ಕಣ್ಣ ಮುಂದಿತ್ತು. ಮಗನ ಮುಖ ಅಲ್ಲ, ನಿಮ್ಮದು.

ಸೂಜಿ ತಳ್ಳಿದಳೆಂಬ ಆರೋಪ ಬಿದ್ದುಹೋಯಿತು. ಅವಳಿಗೆ ಜೈಲಾಗಲಿಲ್ಲ. ಆದರೆ ಇವರು ಹೇಳಿದ್ದೂ ನಿಜವಾಯಿತು. ಕಾಗದಪತ್ರವಿಲ್ಲವೆಂದು ಆ ತಿಂಗಳೊಳಗೇ ಅವಳನ್ನು ಅವಳ ದೇಶಕ್ಕೆ ಕಳಿಸಿದರು. ಮನೆಗೆ ಬಂದು ಸಾಮಾನು ತೆಗೆದುಕೊಳ್ಳಲೂ ಬಿಡಲಿಲ್ಲ. ಅವಳ ತಂಗಿ ಬೇರೆ ಊರಿಂದ ಬಂದು ಮಿಷಿನ್ ಒಯ್ದಳು. ಅದನ್ನು ಮೆಟ್ಟಿಲಲ್ಲಿ ಇಳಿಸಿಕೊಟ್ಟವರು ನಿಮ್ಮ ಮಗ. ಇಳಿಸಿ ಬಂದು ಕೈ ತೊಳೆದುಕೊಂಡು ಕೂತರು.

ನಿರೀಕ್ಷಿಸಿದಂತೆ ಇವರಿಗೆ ಕರೆ ಬಂತು, ನಿಮ್ಮ ಹೇಳಿಕೆಯ ಬಗ್ಗೆ ಬಂದು ವಿವರಣೆ ಕೊಡಿ ಎಂದು. ಆ ದಿನಗಳನ್ನು ಹೇಗೆ ಬರೆಯಲಿ? ಅವರ ಮುಂದೆ ಸುಲಭದ ದಾರಿಯೊಂದಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ‘ಅವಳು ಗಾಬರಿಯಲ್ಲಿ ಏನೇನೋ ಹೇಳಿದ್ದಾಳೆ, ನನಗೆ ಗೊತ್ತಿದ್ದಂತೆ ಅವಳು ಒಳಗೇ ಇದ್ದಳು’ ಎಂದರೆ ಅವರು ಬಚಾವು. ಆಗ ಸುಳ್ಳು ನನ್ನ ತಲೆಗೆ ಬರುತ್ತದೆ, ನನ್ನ ಅರ್ಜಿಯ ಕಥೆ ಅಲ್ಲಿಗೆ ಮುಗಿಯುತ್ತದೆ. ಏನು ಹೇಳುತ್ತೀರಿ ಎಂದು ನಾನು ಕೇಳಲಿಲ್ಲ, ಇಂಥದ್ದು ಹೇಳುತ್ತೇನೆ ಎಂದು ಅವರೂ ಹೇಳಲಿಲ್ಲ. ಟಪಾಲು ಡಬ್ಬಿಯ ಮುಚ್ಚಳ ಸದ್ದಾದರೆ ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತಿದ್ದೆವು. ಹೊರಟ ಬೆಳಿಗ್ಗೆ ಅವರು ಷೂ ಲೇಸು ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ನಾನು ಬಾಗಿಲಲ್ಲಿ ನಿಂತು "ಛತ್ರಿ" ಎಂದೆ. ತೆಗೆದುಕೊಂಡು ಹೋದರು.

ಮಧ್ಯಾಹ್ನ ಅವರು ನಮ್ಮ ಲ್ಯಾಬಿಗೆ ಬಂದರು. ಈ ಊರಿಗೆ ಬಂದು ಇಷ್ಟು ವರ್ಷವಾದರೂ ನಾನು ಕೆಲಸ ಮಾಡುವ ಜಾಗಕ್ಕೆ ಅವರು ಕಾಲಿಟ್ಟಿರಲಿಲ್ಲ. ಒದ್ದೆ ಛತ್ರಿ ಹಿಡಿದುಕೊಂಡು, ಬೆಂಚಿನ ಮೇಲೆ ಸಾಲಾಗಿಟ್ಟ ಪ್ಲಾಸ್ಟರ್ ದವಡೆಗಳ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತಿದ್ದರು. ನಾನು ಎದ್ದು ಹೋದೆ. "ಹೇಳ್ದೆ" ಎಂದರು. ಏನು ಹೇಳಿದಿರಿ ಎಂದೆ. "ನೀನು ಅಡುಗೆಮನೇಲಿ ಇರ್ಲಿಲ್ಲ ಅಂತ. ಸುಳ್ಳು ಹೇಳಿದ್ದು ನಾನು ಅಂತ. ಯಾಕೆ ಅಂದ್ರು. ಭಯ ಆಯ್ತು ಅಂದೆ. ಅದನ್ನೂ ಬರ್ಕೊಂಡ್ರು." ತನಿಖೆ ಮುಗಿಯುವವರೆಗೆ ಅವರು ಯಾವ ಲಿಫ್ಟಿಗೂ ಸಹಿ ಹಾಕುವಂತಿಲ್ಲ, ಕೆಲಸಕ್ಕೆ ಹೋಗುವಂತಿಲ್ಲ. ಅದನ್ನು ಹೇಳಿ ಅವರು ಯಾರದೋ ಮೇಲ್ದವಡೆಯನ್ನು ಕೈಗೆತ್ತಿಕೊಂಡು ಅದರೊಡನೆ ಮಾತಾಡುವವರಂತೆ "ಸಸ್ಪೆಂಡು" ಎಂದರು. ಆಮೇಲೆ "ಅಮ್ಮ ಸಸ್ಪೆಂಡ್ ಆದಾಗ ನಂಗೆ ಒಂಬತ್ತು ವರ್ಷ" ಎಂದರು.

ಅತ್ತೆ, ನಿಮ್ಮ ಎಕ್ಸ್‌ಚೇಂಜಿನ ಮುಷ್ಕರದ ಕಥೆ ನಾನು ನಿಮ್ಮಿಂದ ಕೇಳಿದ್ದೇನೆ. ಘೋಷಣೆ, ಮೆರವಣಿಗೆ, ಕೊನೆಗೆ ಎಲ್ಲರನ್ನೂ ವಾಪಸ್ಸು ಕೆಲಸಕ್ಕೆ ತೆಗೆದುಕೊಂಡದ್ದು. ಅವರದು ಅದೇ ಕಥೆ, ಬೇರೆ ಮನೆಯದು. ನೀವು ಅವರನ್ನು ಸೋದರಮಾವನ ಮನೆಯಲ್ಲಿ ಬಿಟ್ಟಿದ್ದಿರಂತೆ. ಅಲ್ಲಿನ ಅತ್ತೆ ಏನೂ ಅನ್ನುತ್ತಿರಲಿಲ್ಲವಂತೆ, ಇವರ ತಟ್ಟೆಗೆ ಅನ್ನ ಹಾಕಿ ಮುಗಿಯುವವರೆಗೆ ನೋಡುತ್ತ ನಿಲ್ಲುತ್ತಿದ್ದರಂತೆ, ಅಷ್ಟೇ. ಇವರು ಎರಡನೇ ಸಲ ಬಡಿಸಿಕೊಳ್ಳುವುದನ್ನೇ ಬಿಟ್ಟರು. "ಅಮ್ಮ ಗೆದ್ದು ಬಂದ್ಳು, ಎಲ್ಲರೂ ಚಪ್ಪಾಳೆ ತಟ್ಟಿದ್ರು, ನಾನೂ ತಟ್ಟಿದೆ. ಆದ್ರೆ ಆವತ್ತೇ ಅಂದ್ಕೊಂಡೆ, ನಾನು ದೊಡ್ಡವನಾದ ಮೇಲೆ ಯಾವ ಗಲಾಟೆಗೂ ಹೋಗಲ್ಲ, ನನ್ನ ಮನೆಯೋರನ್ನ ಯಾರ ಬಾಗಿಲಲ್ಲೂ ನಿಲ್ಲಿಸಲ್ಲ." ಇಷ್ಟು ಹೇಳಿ ಆ ದವಡೆಯನ್ನು ಇದ್ದ ಜಾಗದಲ್ಲೇ ಜೋಪಾನವಾಗಿ ಇಟ್ಟರು. ನನಗೆ ಅಳು ಬಂತು. ಮೇಲ್ವಿಚಾರಕರು ಕಂಡರೂ ಕಾಣದವರಂತೆ ಯಂತ್ರದ ಸದ್ದು ಜೋರು ಮಾಡಿದರು.

ಇದನ್ನು ನಿಮ್ಮ ಮೇಲಿನ ದೂರು ಎಂದುಕೊಳ್ಳಬೇಡಿ. ಅವರೂ ದೂರಿನ ದನಿಯಲ್ಲಿ ಹೇಳಲಿಲ್ಲ. ನಾನು ನಿಮಗೆ ಬರೆಯುತ್ತೇನೆ ಎಂದಾಗ ಅವರೇ "ಎಲ್ಲ ಬರಿ. ನಂದನ್ನೂ ಬರಿ. ನಂಗೆ ಫೋನಲ್ಲಿ ಹೇಳಕ್ಕಾಗಲ್ಲ" ಎಂದರು. ಅದಕ್ಕೇ ಬರೆದೆ.

ಇದೆಲ್ಲ ಆದ ಮೇಲೆ ಅವರು ನಮ್ಮ ಕಡೆ ಬಂದರು ಎಂದು ನೀವು ಅಂದುಕೊಳ್ಳುತ್ತಿದ್ದರೆ, ಇಲ್ಲ. ಮೊನ್ನೆ ಚುನಾವಣೆಯ ದಿನ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಹೋಗಿ ವೋಟು ಹಾಕಿ ಬಂದರು. ನಾನು ಕೇಳಿರಲಿಲ್ಲ, ಅವರೇ "ಅವರಿಗೇ ಹಾಕ್ದೆ" ಎಂದರು. ನನ್ನ ಕೈಯಲ್ಲಿದ್ದ ತರಕಾರಿ ಚಾಕು ನಿಂತಿತು. "ಇಷ್ಟೆಲ್ಲ ಆದ ಮೇಲೂನಾ?" ಎಂದೆ. "ಸುಳ್ಳು ಹೇಳಿದ್ದು ತಪ್ಪು, ಒಪ್ಕೊಂಡೆ. ನನ್ನ ವಿಚಾರ ತಪ್ಪು ಅಂತ ಒಪ್ಕೊಂಡಿಲ್ಲ" ಎಂದರು. ನನಗೆ ಎಲ್ಲಿತ್ತೋ ಕೋಪ, ಆ ಸಂಜೆ ನಾನು ನಿಮ್ಮ ಹಾಗೆ ಜಗಳವಾಡಿದೆ, ಮೇಜು ಗುದ್ದಿ. ನನ್ನ ಅರ್ಜಿಯನ್ನು ಎತ್ತಿ ಎಸೆಯುವವರಿಗೆ ನೀವು ವೋಟು ಹಾಕಿ ಬಂದಿರಿ ಎಂದೆ. ನಿನ್ನಂಥವರಿಗಲ್ಲ ಅದು ಎಂದರು. ಸೂಜಿಯ ಬಗ್ಗೆಯೂ ‘ಇವಳು ಅಂತ ಅಲ್ಲ’ ಎಂದಿದ್ದಿರಿ ಎಂದೆ. ಆದರೂ ಅವರು ಸೋಲಲಿಲ್ಲ. ಕೊನೆಗೆ ಅವರೇ ಎದ್ದು ಅನ್ನ ಬಿಸಿ ಮಾಡಿದರು. ಎದುರುಬದುರು ಕೂತು ತಿಂದೆವು.

ಅವರ ಪಕ್ಷ ಗೆದ್ದಿದೆ. ಹೊಸ ನಿಯಮಗಳು ಬರುತ್ತವೆಯಂತೆ. ನನ್ನ ಅರ್ಜಿಯನ್ನು ಮತ್ತೊಮ್ಮೆ ಪರಿಶೀಲಿಸುತ್ತೇವೆ ಎಂದು ಒಂದೇ ಸಾಲು ಬಂದಿದೆ, ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಯಾರೂ ಹೇಳುತ್ತಿಲ್ಲ. ಅವರ ತನಿಖೆಯೂ ಮುಗಿದಿಲ್ಲ. ಕೆಲಸವಿಲ್ಲದ ಕೈಗೆ ಸುಮ್ಮನೆ ಕೂರಲು ಬರುವುದಿಲ್ಲ.

ಈ ಪತ್ರ ನಿಮ್ಮ ಕೈ ಸೇರಿತೆಂದು ನೀವು ನನಗೆ ತಿಳಿಸಿದ ಮೇಲೆ ಅವರು ನಿಮಗೆ ಫೋನ್ ಮಾಡುತ್ತಾರೆ. ಈಗಲೇ ಒಳಗೊಳಗೇ ಅಭ್ಯಾಸ ನಡೆಸಿದ್ದಾರೆ. ಅಲ್ಲಿ ಈಗ ಎಷ್ಟು ಗಂಟೆ ಎಂದು ನನ್ನನ್ನು ಕೇಳಿ ಕೇಳಿ ಸಾಕು ಮಾಡಿದ್ದಾರೆ, ಗೊತ್ತಿಲ್ಲದವರಂತೆ. ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ‘ನಾನು ಆವತ್ತೇ ಹೇಳಿರಲಿಲ್ವಾ’ ಎನ್ನಬೇಡಿ. ಹೇಳಿದ್ದಿರಿ, ನಿಜ, ಆದರೂ ಬೇಡ. ಹಾಗೆಂದು ‘ಹೋಗ್ಲಿ ಬಿಡು ಮಗಾ’ ಎಂದು ಒಂದೇ ಮಾತಿನಲ್ಲಿ ಮುಗಿಸಲೂಬೇಡಿ, ಅವರಿಗೆ ಅದು ಇನ್ನೂ ಕಷ್ಟ. ಮೊದಲು ಮಳೆ ಬಿಸಿಲಿನ ಮಾತಾಡುತ್ತಾರೆ, ಆಡಲು ಬಿಡಿ. ನಡುವೆ ಮಾತು ನಿಂತುಹೋದರೆ ಫೋನ್ ಕಟ್ಟಾಯಿತೆಂದು ಇಟ್ಟುಬಿಡಬೇಡಿ, ಅವರು ಅಲ್ಲೇ ಇರುತ್ತಾರೆ. ಕಾಯಿರಿ. ಆಮೇಲೆ ಬೇಕಾದರೆ ಅವರ ಪಕ್ಷವನ್ನು ಹಿಡಿದು ಜಾಡಿಸಿ, ನಾನೂ ಇಲ್ಲಿಂದ ದನಿಗೂಡಿಸುತ್ತೇನೆ.

ಹರಸುವಾಗ ಭಯ ಹೋಗಲಿ ಎಂದು ಹರಸಬೇಡಿ ಅತ್ತೆ, ಅದು ಸದ್ಯಕ್ಕೆ ಹೋಗುವ ಹಾಗೆ ಕಾಣುವುದಿಲ್ಲ. ಭಯದಲ್ಲೂ ನಾವಿಬ್ಬರು ಮಾತು ಬಿಡದಿರಲಿ ಎಂದು ಹರಸಿ. ನೀವು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು, ಹೊತ್ತಿಗೆ ಸರಿಯಾಗಿ ಉಂಡು, ನಮ್ಮ ಮೇಲಿನ ಕೋಪವನ್ನು ಬೇಕಾದಷ್ಟೇ ಇಟ್ಟುಕೊಂಡು ಚೆನ್ನಾಗಿರಿ.

ಕಾಲಿಗೆರಗುವ,
ನಿಮ್ಮ ಸೊಸೆ